ಫಿಂಚ್ ಮರಿ ಸತ್ತರೆ ಮೊದಲು ಕೇಳಬೇಕಾದ್ದು: ಎಷ್ಟನೇ ದಿನ?

ಇಪ್ಪತ್ತಾರು ದಿನದ ಗೋಲ್ಡಿಯನ್ ಮರಿ. ಗೋಲ್ಡಿಯನ್ ಅಂದರೆ ಫಿಂಚ್‌ನ ಒಂದು ಜಾತಿ, ಕಾಳು ತಿನ್ನುವ ಪುಟ್ಟ ಸಾಕು ಹಕ್ಕಿ. ಗೂಡು ಬಿಟ್ಟು ಮೂರು ದಿನ ಆಗಿತ್ತು. ಬೆಳಿಗ್ಗೆ ಕಾಳು ಹಾಕಲು ಹೋದರೆ ಏವಿಯರಿಯ (ಹಕ್ಕಿ ಹಾರಾಡುವ ದೊಡ್ಡ ಪಂಜರದ) ನೆಲದ ಮೇಲೆ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಕೈಗೆ ತೆಗೆದುಕೊಂಡೆ, ನಡುಗುತ್ತಿತ್ತು. ಎದೆಮೂಳೆ ಬೆರಳಿಗೆ ಅಲಗಿನ ಹಾಗೆ ಸಿಕ್ಕಿತು. ಹಿಕ್ಕೆಯಲ್ಲಿ ಜೀರ್ಣ ಆಗದ ನವಣೆ ಕಾಳು ಹಾಗೇ ಬಂದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಹೋಯಿತು. ಆ ಚಳಿಗಾಲದಲ್ಲಿ ಹೀಗೆ ಹೋದ ಒಂಬತ್ತನೇ ಮರಿ ಅದು.

ನಾನು ತಿಪಟೂರಿನಲ್ಲಿ ಚಿನ್ನದ ಕೆಲಸ ಮಾಡುವವನು. ಮನೆ ಕೆಳಗೆ ಅಂಗಡಿ, ಮಹಡಿ ಮೇಲೆ ಹನ್ನೆರಡು ಅಡಿ ಉದ್ದದ ಏವಿಯರಿ. ಜೀಬ್ರಾ, ಬೆಂಗಲೀಸ್, ಗೋಲ್ಡಿಯನ್ ಮೂರೂ ಜಾತಿಯ ಫಿಂಚ್ ಇವೆ. ಹದಿನಾಲ್ಕು ವರ್ಷದಿಂದ ಸಾಕುತ್ತಿದ್ದೇನೆ. ಆದರೂ ಆ ಎರಡು ತಿಂಗಳು ನಾನು ಮಾಡಿದ್ದೆಲ್ಲ ಬರೀ ಊಹೆ. ಮೊದಲು ಹಕ್ಕಿ ಅಂಗಡಿಯವರು ಕೊಟ್ಟ ಹಳದಿ ಪುಡಿ ನೀರಿಗೆ ಹಾಕಿದೆ. ಆಮೇಲೆ ಕಾಳು ಬದಲಾಯಿಸಿದೆ. ಆಮೇಲೆ ನಮ್ಮ ಕೆಲಸದ ಆಸಿಡ್ ಹೊಗೆಯೇ ಕಾರಣ ಅನ್ನಿಸಿ ವಾರಗಟ್ಟಲೆ ನಿದ್ದೆ ಬರಲಿಲ್ಲ. ನನ್ನ ಕೆಲಸದಿಂದಲೇ ಮರಿಗಳು ಸಾಯ್ತಿವೆ ಅಂದುಕೊಂಡು ಇರೋದು ಸುಲಭ ಅಲ್ಲ. ಕಾರಣ ಇವು ಯಾವುದೂ ಆಗಿರಲಿಲ್ಲ.

ಬಂಗಾರವನ್ನು ಕಣ್ಣಲ್ಲಿ ನೋಡಿ ಬೆಲೆ ಹೇಳುವವರಿಲ್ಲ, ಒರೆಗೆ ಹಚ್ಚಿಯೇ ಹೇಳಬೇಕು. ಮರಿಯ ಸಾವೂ ಹಾಗೇ. ಒರೆಗೆ ಹಚ್ಚುವುದು ಹೇಗೆ ಅಂತ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಔಷಧಿ ನಿಲ್ಲಿಸಿ, ನೋಟ್‌ಬುಕ್ ತೆಗೆಯಿರಿ

ಕಾರಣ ತಿಳಿಯುವ ಮುಂಚೆ ಆಂಟಿಬಯೋಟಿಕ್ ಕೊಡಬೇಡಿ. ಕಾಯಿಲೆ ಬ್ಯಾಕ್ಟೀರಿಯಾದಿಂದ ಬಂದಿಲ್ಲದಿದ್ದರೆ ಅದರಿಂದ ಏನೂ ಉಪಯೋಗ ಇಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಬೂಸ್ಟು ಬೆಳೆಯಲು ಜಾಗ ಆಗುತ್ತದೆ. ಮುಂದೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೂ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದೆ ಹೋಗಬಹುದು. ಇನ್ನೊಂದು ವಿಷಯ: ನೀರಿನ ಬಣ್ಣ, ರುಚಿ ಬದಲಾದರೆ ತಾಯಿ ತಂದೆ ಹಕ್ಕಿಗಳು ನೀರು ಕಡಿಮೆ ಕುಡಿಯುತ್ತವೆ. ಆಗ ಮರಿಗೆ ಸಿಗುವ ತೇವವೂ ಕಡಿಮೆ.

ನೋಟ್‌ಬುಕ್‌ನಲ್ಲಿ ಒಂದೊಂದು ಗೂಡಿಗೆ ಒಂದೊಂದು ಪುಟ ಇಡಿ. ಮೊಟ್ಟೆ ಇಟ್ಟ ದಿನ, ಒಡೆದ ದಿನ, ಸತ್ತ ದಿನ, ಸಿಕ್ಕ ಜಾಗ. ಯಾವ ಜೋಡಿ ಮೊಟ್ಟೆ ಇಟ್ಟಿತು, ಯಾವ ಜೋಡಿ ಸಾಕಿತು ಅಂತ ಬೇರೆ ಬೇರೆ ಬರೆಯಿರಿ. ಈ ಕೊನೆಯದನ್ನು ನಾನು ಬರೆದಿರಲಿಲ್ಲ. ಬರೆದಿದ್ದರೆ ಎರಡು ತಿಂಗಳ ಮೊದಲೇ ಗೊತ್ತಾಗುತ್ತಿತ್ತು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಸತ್ತ ವಯಸ್ಸು. ಜೀಬ್ರಾ ಮೊಟ್ಟೆ ಸುಮಾರು 13 ದಿನಕ್ಕೆ ಒಡೆಯುತ್ತದೆ, ಮರಿ 18ರಿಂದ 20ನೇ ದಿನ ಗೂಡು ಬಿಡುತ್ತದೆ, 35ನೇ ದಿನದ ಹೊತ್ತಿಗೆ ತಾನೇ ತಿನ್ನುತ್ತದೆ. ಗೋಲ್ಡಿಯನ್ ನಿಧಾನ. ಗೂಡು ಬಿಡಲು 21ರಿಂದ 24 ದಿನ, ತಾನೇ ತಿನ್ನಲು 45 ದಿನ ಲೆಕ್ಕ ಇಟ್ಟುಕೊಳ್ಳಿ. ಎರಡನೇ ದಿನ ಸಾಯುವ ಮರಿಗೂ ಇಪ್ಪತ್ತಾರನೇ ದಿನ ಸಾಯುವ ಮರಿಗೂ ಕಾರಣ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ.

ಕಣ್ಣು, ಟಾರ್ಚು, ತಕ್ಕಡಿ

ಫಿಂಚ್ ಮರಿಯ ಚರ್ಮ ತುಂಬಾ ತೆಳು, ಒಳಗಿರುವುದು ಹೊರಗೇ ಕಾಣುತ್ತದೆ. ಕುತ್ತಿಗೆಯ ಪಕ್ಕದಲ್ಲಿ ಕ್ರಾಪ್, ಅಂದರೆ ತಿಂದದ್ದು ತುಂಬಿಕೊಳ್ಳುವ ಚೀಲ ಇರುತ್ತದೆ. ಸಣ್ಣ ಟಾರ್ಚ್ ಹಿಡಿದರೆ ಅದರೊಳಗಿನ ಕಾಳು ಒಂದೊಂದಾಗಿ ಎಣಿಸಬಹುದು. ನವಣೆ ಬಿಳಿಚಾಗಿ, ಎಗ್ ಫುಡ್ (ಬೇಯಿಸಿದ ಮೊಟ್ಟೆಯ ಮೆತ್ತನೆ ಆಹಾರ) ಹಳದಿಯಾಗಿ, ಸೊಪ್ಪು ಹಸಿರಾಗಿ ಕಾಣುತ್ತದೆ. ಸಂಜೆ ದೀಪ ಆರುವ ಮುಂಚೆ ಕ್ರಾಪ್ ತುಂಬಿರಬೇಕು. ಖಾಲಿ ಇದ್ದರೆ ರಾತ್ರಿ ಹಸಿವಿನಲ್ಲೇ ಕಳೆಯುತ್ತದೆ. ಗಾಳಿ ತುಂಬಿಕೊಂಡು ಬಲೂನಿನ ಹಾಗೆ ಇದ್ದರೆ, ಹುಳಿ ವಾಸನೆ ಬಂದರೆ, ಒಳಗೆ ಬೂಸ್ಟೋ ಬ್ಯಾಕ್ಟೀರಿಯಾವೋ ಬೆಳೆಯುತ್ತಿರಬಹುದು.

ಆಮೇಲೆ ಮೈ ಬಣ್ಣ ನೋಡಿ. ಚೆನ್ನಾಗಿರುವ ಮರಿ ತುಂಬಿದ ಗುಲಾಬಿ ಬಣ್ಣ. ಕಡು ಕೆಂಪಾಗಿ ಚರ್ಮ ಸುಕ್ಕಾಗಿದ್ದರೆ ಮೈಯಲ್ಲಿ ನೀರಿಲ್ಲ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ, ನುಸಿ ಹುಡುಕಿ. ಹಳದಿ ತಿರುಗಿದ್ದರೆ, ಹೊಟ್ಟೆ ಕೆಳಗೆ ಒದ್ದೆ ಇದ್ದರೆ, ಕರುಳಿನ ಕಾಯಿಲೆ ಇರಬಹುದು.

ಗೋಲ್ಡಿಯನ್ ಮರಿ ಬಾಯಿ ತೆರೆದಾಗ ತುಟಿಯ ಎರಡೂ ಕೊನೆಯಲ್ಲಿ ನೀಲಿ ಮಣಿಗಳು ಹೊಳೆಯುತ್ತವೆ, ನೋಡಿದ್ದೀರಾ? ಕತ್ತಲೆ ಗೂಡಿನೊಳಗೆ ಒಂದಿಷ್ಟು ಬೆಳಕು ಬಿದ್ದರೂ ಸಾಕು, ಹರಳು ಕೂರಿಸಿದ ಹಾಗೆ ಮಿನುಗುತ್ತವೆ. ನಲವತ್ತು ವರ್ಷದಿಂದ ಹರಳು ಕೂರಿಸುತ್ತಿದ್ದೇನೆ, ಅಷ್ಟು ಚೆಂದದ ಕೆಲಸ ನನ್ನ ಕೈಯಲ್ಲಿ ಆಗಿಲ್ಲ. ಈ ಬಾಯಿ ತೆರೆಯುವುದನ್ನೂ ಗಮನಿಸಿ. ಗೂಡಿಗೆ ಬೆರಳು ತಾಗಿದ ಕೂಡಲೇ ಕತ್ತು ಎತ್ತಿ ಬಾಯಿ ತೆರೆಯುವ ಮರಿಗೆ ಶಕ್ತಿ ಇದೆ. ತೆರೆಯದೇ ಮಲಗಿರುವ ಮರಿಯ ಹೊಟ್ಟೆ ತುಂಬಿರದಿದ್ದರೆ ಹುಷಾರು.

ಇನ್ನು ತೂಕ. ನನ್ನ ಹತ್ತಿರ ಚಿನ್ನ ತೂಗುವ ಡಿಜಿಟಲ್ ತಕ್ಕಡಿ ಇರುವುದರಿಂದ ಹಳೆಯದೊಂದನ್ನು ಮಹಡಿಗೇ ಇಟ್ಟಿದ್ದೇನೆ. ನೀವು 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ತಂದುಕೊಂಡರೆ ಸಾಕು. ಆಗ ತಾನೇ ಒಡೆದ ಜೀಬ್ರಾ ಮರಿ ಆರೇಳು ಗುಲಗಂಜಿ ತೂಗುತ್ತದೆ, ಮುಕ್ಕಾಲು ಗ್ರಾಂನ ಸುಮಾರು. ಹತ್ತನೇ ದಿನಕ್ಕೆ ಎಂಟೊಂಬತ್ತು ಗ್ರಾಂ. ಒಂದು ದಿನ ತೂಕ ಏರದೇ ನಿಂತರೆ ಆ ಗೂಡಿನ ಮೇಲೆ ಕಣ್ಣಿಡಿ. ಕಣ್ಣಿಗೆ ಮರಿ ಚೆನ್ನಾಗಿ ಕಾಣುವಾಗಲೇ ತಕ್ಕಡಿ ಸುಳಿವು ಕೊಡುತ್ತದೆ.

ಜೀಬ್ರಾ, ಬೆಂಗಲೀಸ್ ಗೂಡಿಗೆ ಕೈ ಹಾಕಿದರೆ ಅಷ್ಟಾಗಿ ಬೇಜಾರು ಮಾಡಿಕೊಳ್ಳುವುದಿಲ್ಲ. ಗೋಲ್ಡಿಯನ್ ಹಾಗಲ್ಲ. ಮೊದಲ ಸಲ ಮರಿ ಮಾಡಿದ ಜೋಡಿಯಾದರೆ ಗೂಡನ್ನೇ ಬಿಟ್ಟುಬಿಡಬಹುದು. ತಾಯಿ ತಂದೆ ಎರಡೂ ತಿನ್ನಲು ಹೊರಬಂದಾಗ ಒಂದೇ ನಿಮಿಷದಲ್ಲಿ ನೋಡಿ ಮುಗಿಸಿ.

ಮೊದಲ ಹತ್ತು ದಿನ

ಮೊದಲ ದಿನ ಮರಿ ಮೊಟ್ಟೆಯ ಹಳದಿಯ ಶೇಷದಲ್ಲೇ ಬದುಕುತ್ತದೆ. ಎರಡನೇ ದಿನವೂ ಕ್ರಾಪ್ ಖಾಲಿ ಇದ್ದು ಮೂರನೇ ದಿನ ಸತ್ತರೆ, ಹೆಚ್ಚಿನ ಸಲ ಕಾರಣ ಜೋಡಿಯಲ್ಲೇ ಇರುತ್ತದೆ. ವಯಸ್ಸು ಸಾಲದ ಜೋಡಿ (ಜೀಬ್ರಾಗೆ ಕಡಿಮೆ ಅಂದರೂ ಎಂಟು ಒಂಬತ್ತು ತಿಂಗಳು, ಗೋಲ್ಡಿಯನ್‌ಗೆ ಒಂದು ವರ್ಷ ಆಗಬೇಕು), ಒಂದರ ಹಿಂದೆ ಒಂದು ಮರಿ ಮಾಡಿ ಸುಸ್ತಾದ ಹೆಣ್ಣು, ಮೆತ್ತನೆಯ ಆಹಾರವೇ ಇಲ್ಲದ ಏವಿಯರಿ. ಬರೀ ಒಣ ಕಾಳಿನಲ್ಲಿ ಮರಿಗೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ ಸಿಗುವುದಿಲ್ಲ. ಮರಿ ನೆಲದ ಮೇಲೆ ಬಿದ್ದಿದ್ದು ತಲೆಯ ಮೇಲೆ ಕುಕ್ಕಿದ ಗುರುತಿದ್ದರೆ ಅದು ಕಾಯಿಲೆ ಅಲ್ಲ, ಜಗಳ. ಜಾಗಕ್ಕಿಂತ ಜೋಡಿ ಜಾಸ್ತಿ ಆದಾಗ ಜೀಬ್ರಾಗಳು ಬೇರೆಯವರ ಗೂಡಿನ ಮಡಿಕೆಗೆ ನುಗ್ಗುತ್ತವೆ.

ನಾಲ್ಕರಿಂದ ಹತ್ತನೇ ದಿನದೊಳಗೆ ಒಂದೇ ಗೂಡಿನ ಮರಿಗಳು ಸಾಲಾಗಿ ಸತ್ತರೆ ಮೊದಲು ಎಗ್ ಫುಡ್ ತಟ್ಟೆ ನೋಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬೇಯಿಸಿದ ಮೊಟ್ಟೆ ಎರಡು ಗಂಟೆಯಲ್ಲೇ ಕೆಡಲು ಶುರು ಆಗುತ್ತದೆ. ಬೆಳಿಗ್ಗೆ ಹಾಕಿ ಸಂಜೆ ತೆಗೆಯುವ ಅಭ್ಯಾಸ ಇದ್ದರೆ ಅದನ್ನೇ ಮೊದಲು ಬಿಡಿ. ಮೊಳಕೆ ಕಾಳೂ ಅಷ್ಟೇ. ಒಳ್ಳೆ ಮೊಳಕೆ ಹಸಿ ಹುಲ್ಲಿನ ವಾಸನೆ ಬರಬೇಕು. ಲೋಳೆ ಆಗಿದ್ದರೆ, ಬೇರೆ ವಾಸನೆ ಬಂದರೆ ಎಸೆಯಿರಿ. ನೀರಿನ ಬಟ್ಟಲಿನ ಒಳಗೆ ಬೆರಳು ಆಡಿಸಿ ನೋಡಿ, ಜಾರುತ್ತಿದ್ದರೆ ಉಜ್ಜಿಲ್ಲ ಅಂತ ಅರ್ಥ.

ಕೆಂಪಿರುವೆ, ಇಲಿ, ಹಲ್ಲಿ ಮರೆಯಬೇಡಿ. ಕೆಂಪಿರುವೆ ನುಗ್ಗಿದರೆ ಒಂದು ರಾತ್ರಿಯಲ್ಲಿ ಗೂಡು ಖಾಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ಇಡಿ.

ನುಸಿಗೆ ರಾತ್ರಿ ಪರೀಕ್ಷೆ ಮಾಡಬೇಕು. ಕೆಂಪು ನುಸಿ ಹಗಲು ಹಕ್ಕಿಯ ಮೈಮೇಲೆ ಇರುವುದಿಲ್ಲ. ಮಡಿಕೆಯ ಹಿಂಬದಿ, ಕೂರುವ ಕಡ್ಡಿಯ ತುದಿ, ಮರದ ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬಂದು ರಕ್ತ ಹೀರುತ್ತದೆ. ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದುಕೊಂಡು ಹೋಗಿ. ಮಡಿಕೆಯ ಬಾಯಿ ಸುತ್ತ, ಕಡ್ಡಿಯ ಕೆಳಗೆ ಬಿಳಿ ಬಟ್ಟೆ ಒರೆಸಿ. ಎಳ್ಳಿಗಿಂತ ಚಿಕ್ಕ ಚುಕ್ಕೆ ನಡೆಯುತ್ತಿದ್ದರೆ ಉಗುರಿನಲ್ಲಿ ಒತ್ತಿ. ಬಟ್ಟೆಯ ಮೇಲೆ ರಕ್ತದ ಗೆರೆ ಬಿದ್ದರೆ ಅದೇ ನುಸಿ. ಇವು ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕುತ್ತವೆ. ಗೂಡು ಖಾಲಿ ಬಿಟ್ಟರೆ ಹೋಗುತ್ತವೆ ಅಂದುಕೊಳ್ಳಬೇಡಿ. ಮಡಿಕೆ, ಕಡ್ಡಿ ಎಲ್ಲ ಕುದಿಯುವ ನೀರಿಗೆ ಹಾಕಿ, ಗೂಡಿಗೆ ಹಾಸಿದ ತೆಂಗಿನ ನಾರು ಸುಟ್ಟುಬಿಡಿ. ತಿಪಟೂರಿನಲ್ಲಿ ನಾರಿಗೇನು ಬರ ಅಲ್ವಾ?

ಹತ್ತನೇ ದಿನದಿಂದ ಗೂಡು ಬಿಡುವವರೆಗೆ

ಇಲ್ಲಿ ಗೋಲ್ಡಿಯನ್‌ಗೆ ದೊಡ್ಡ ತೊಂದರೆ, ಚಳಿ. ಮರಿಗೆ ಪುಕ್ಕ ಸರಿಯಾಗಿ ಬರುವ ಮುಂಚೆಯೇ, ಹತ್ತು ದಿನದ ಸುಮಾರಿಗೆ, ತಾಯಿ ತಂದೆ ರಾತ್ರಿ ಗೂಡಿನಲ್ಲಿ ಕೂರುವುದನ್ನು ಬಿಟ್ಟುಬಿಡುತ್ತವೆ. ನಾಲ್ಕೈದು ಮರಿ ಇದ್ದರೆ ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುತ್ತವೆ. ಒಂದೋ ಎರಡೋ ಇದ್ದರೆ ಡಿಸೆಂಬರ್ ಬೆಳಗಿನ ಜಾವಕ್ಕೆ ಸೆಟೆದಿರುತ್ತವೆ. ಗುರುತು ಹೀಗೆ: ಸತ್ತ ಮರಿಯ ಕ್ರಾಪ್ ತುಂಬಿರುತ್ತದೆ, ಮೈ ತುಂಬಿಕೊಂಡಿರುತ್ತದೆ, ಹಿಂದಿನ ದಿನದ ತೂಕವೂ ಸರಿ ಇರುತ್ತದೆ. ಹೊಟ್ಟೆ ತುಂಬಿದ ಮರಿ ಬೆಳಿಗ್ಗೆ ಸತ್ತಿದ್ದರೆ ಔಷಧಿ ಹುಡುಕಬೇಡಿ, ಗೂಡು ಬೆಚ್ಚಗೆ ಮಾಡಿ.

ಗೂಡು ಬಿಟ್ಟ ಮೇಲೆ

ನನಗೆ ಪೆಟ್ಟು ಬಿದ್ದದ್ದು ಈ ವಯಸ್ಸಿನಲ್ಲೇ.

ಮೊದಲು ಸುಲಭದ್ದು. ಕಾಳಿನ ತಟ್ಟೆ ತುಂಬಿದ ಹಾಗೆ ಕಾಣುತ್ತದೆ, ಆದರೆ ಮೇಲಿರುವುದೆಲ್ಲ ಹೊಟ್ಟು. ದೊಡ್ಡ ಹಕ್ಕಿ ಕೆದಕಿ ಕೆಳಗಿನದು ತಿನ್ನುತ್ತದೆ, ಹೊಸ ಮರಿಗೆ ಅದು ಗೊತ್ತಿಲ್ಲ. ತುಂಬಿದ ತಟ್ಟೆಯ ಮುಂದೆ ಕೂತು ಹಸಿವಿನಿಂದ ಸಾಯುತ್ತದೆ. ದಿನಾ ಒಮ್ಮೆ ತಟ್ಟೆ ಊದಿ. ನೆಲದ ಮೇಲೂ ನವಣೆ, ಸಾಮೆ ಚೆಲ್ಲಿ. ತಾನೇ ತಿನ್ನುವುದು ಖಚಿತ ಆಗುವ ತನಕ ಮರಿಯನ್ನು ಬೇರೆ ಮಾಡಬೇಡಿ.

ಉಸಿರಾಡುವಾಗ ಬಾಲ ಕುಟ್ಟುತ್ತಿದ್ದರೆ ರಾತ್ರಿ ಹಕ್ಕಿಯನ್ನು ಕಿವಿ ಹತ್ತಿರ ಹಿಡಿಯಿರಿ. ಗಡಿಯಾರದ ಹಾಗೆ ಸಣ್ಣ ಕ್ಲಿಕ್ ಶಬ್ದ ಕೇಳಿಸಿದರೆ ಶ್ವಾಸನಾಳದಲ್ಲಿ ನುಸಿ ಇರುವ ಅನುಮಾನ. ಗೋಲ್ಡಿಯನ್‌ಗೆ ಇದು ಜಾಸ್ತಿ. ತಾಯಿ ಬಾಯಿಂದ ಗುಟುಕು ಕೊಡುವಾಗಲೇ ಮರಿಗೂ ದಾಟುತ್ತದೆ.

ಮರಿಯನ್ನು ಅಂಗಾತ ಹಿಡಿದು ಹೊಟ್ಟೆಯ ಪುಕ್ಕ ಊದಿ ನೋಡಿ. ಪಕ್ಕೆಲುಬಿನ ಕೆಳಗೆ ಕಪ್ಪಗೆ ಏನಾದರೂ ಇಣುಕಿದರೆ ಅದು ಊದಿಕೊಂಡ ಲಿವರ್. ಕಾಕ್ಸಿಡಿಯ ಗುಂಪಿನ ಕೆಲವು ಪರಾವಲಂಬಿಗಳಿಂದಲೂ ಹಾಗಾಗುತ್ತದೆ, ಬೇರೆ ಸೋಂಕಿನಿಂದಲೂ ಆಗುತ್ತದೆ. ಕೆಳಗಿನ ಕೊಕ್ಕು ಉದ್ದವಾಗಿ ವಿಚಿತ್ರವಾಗಿ ಬೆಳೆದ ಮರಿಗಳು ಸಿಕ್ಕು, ಜೊತೆಗೆ ಸಾವೂ ಜಾಸ್ತಿ ಇದ್ದರೆ ಪಾಲಿಯೋಮಾ ವೈರಸ್ ಬಗ್ಗೆ ಯೋಚಿಸಬೇಕು. ಅದಕ್ಕೆ ಔಷಧಿ ಇಲ್ಲ. ಮರಿ ಮಾಡಿಸುವುದನ್ನೇ ನಿಲ್ಲಿಸಬೇಕು, ಹಕ್ಕಿ ಕೊಡುವುದು ತರುವುದು ಎರಡೂ ಬೇಡ.

ನನ್ನ ಮರಿಗಳಲ್ಲಿ ಕಂಡದ್ದು ಬೇರೆ. ಸೊರಗುವುದು, ನಡುಕ, ಹಿಕ್ಕೆಯಲ್ಲಿ ಇಡೀ ಕಾಳು. ಇದನ್ನು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ, ಒಳಗೆ ನೋಡಲೇಬೇಕು.

ಸತ್ತ ಮರಿಯನ್ನು ಏನು ಮಾಡಬೇಕು

ಮೊದಲ ಒಂಬತ್ತು ಮರಿಗಳನ್ನು ನಾನು ತೆಂಗಿನ ಮರದ ಬುಡದಲ್ಲಿ ಹೂತೆ. ಉತ್ತರ ಅವುಗಳೊಳಗೇ ಇತ್ತು.

ಸತ್ತದ್ದು ಕಂಡ ಕೂಡಲೇ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ತಣ್ಣೀರಿನಲ್ಲಿ ಮೈ ಪೂರ್ತಿ ನೆನೆಸಿ. ಪುಕ್ಕದೊಳಗೆ ಶಾಖ ಉಳಿದರೆ ಒಳಗಿನದು ಬೇಗ ಕೊಳೆಯುತ್ತದೆ, ಅದಕ್ಕೆ. ಆಮೇಲೆ ಜಿಪ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ಮೇಲೆ ದಿನ, ವಯಸ್ಸು, ಗೂಡಿನ ನಂಬರ್ ಬರೆಯಿರಿ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ. ಫ್ರೀಜರ್‌ನಲ್ಲಿ ಬೇಡವೇ ಬೇಡ. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಒಂದು ದಿನದೊಳಗೆ ತಲುಪಿಸಿ. ಇಷ್ಟು ಚಿಕ್ಕ ಹಕ್ಕಿ ಬೇಗ ಕೆಡುತ್ತದೆ. ಇದನ್ನೆಲ್ಲ ಮಾಡಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳನ್ನು ದೂರ ಇಡಿ.

ಎಲ್ಲಿಗೆ ಒಯ್ಯುವುದು? ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಪೆಥಾಲಜಿ ವಿಭಾಗ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಇಂಥ ಹಕ್ಕಿ, ಇಂಥ ವಯಸ್ಸು, ತರಬಹುದಾ ಅಂತ ಕೇಳಿ. ಐದು ಗ್ರಾಂನ ಹಕ್ಕಿಗೆ ಪೋಸ್ಟ್‌ಮಾರ್ಟಂ ಕೇಳಲು ಸಂಕೋಚ ಬೇಡ. ಕೇಳಿದರೆ ತಾನೇ ಮಾಡುವುದು.

ಹತ್ತನೇ ಮರಿ ಸತ್ತಾಗ ಐಸ್ ಪ್ಯಾಕ್ ಇಟ್ಟ ಊಟದ ಡಬ್ಬಿಯಲ್ಲಿ ಹಾಸನಕ್ಕೆ ಬಸ್ಸಿನಲ್ಲಿ ಒಯ್ದೆ. ಡಾಕ್ಟರು ಕರುಳು ಬಿಡಿಸಿ ತೋರಿಸಿದರು. ಊದಿಕೊಂಡಿತ್ತು, ಒಳಗೆ ನೀರು ನೀರು, ನಡುವೆ ಇಡೀ ನವಣೆ ಕಾಳು. ಹುಳ ಇಲ್ಲ, ಕಾಕ್ಸಿಡಿಯ ಇಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿದರು: “ಈ ಮರಿಗಳನ್ನು ಗೋಲ್ಡಿಯನ್ನೇ ಸಾಕಿದ್ದಾ?”

ಅಲ್ಲ. ಗೋಲ್ಡಿಯನ್ ಮೊಟ್ಟೆ ತೆಗೆದು ಬೆಂಗಲೀಸ್ ಕೆಳಗೆ ಇಡುವುದು ನಮ್ಮಂಥವರೆಲ್ಲ ಮಾಡುವುದೇ. ಬೆಂಗಲೀಸ್ ಯಾರ ಮರಿಯನ್ನಾದರೂ ತನ್ನದೇ ಅನ್ನುವ ಹಾಗೆ ಸಾಕುತ್ತದೆ. ಆ ವರ್ಷ ಹೊಸದಾಗಿ ತಂದ ಎರಡು ಜೋಡಿ ಬೆಂಗಲೀಸ್‌ಗೆ ನನ್ನ ಮೊಟ್ಟೆಗಳನ್ನೆಲ್ಲ ಕೊಟ್ಟಿದ್ದೆ. ಬೇರೆ ಇಟ್ಟು ನೋಡದೆಯೇ.

ಮುಂದಿನ ವಾರ ಆ ಬೆಂಗಲೀಸ್‌ಗಳನ್ನೇ ಪಂಜರದಲ್ಲಿ ಒಯ್ದೆ. ಡಾಕ್ಟರು ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾದರು. ಹಿಕ್ಕೆ ಬಿದ್ದ ಕೂಡಲೇ, ಬಿಸಿ ಆರುವ ಮುಂಚೆ, ಉಗುರು ಬೆಚ್ಚಗಿನ ಸಲೈನ್ ಹನಿಯಲ್ಲಿ ಕಲಸಿ ಮೈಕ್ರೋಸ್ಕೋಪಿನಡಿ ಇಟ್ಟರು. ನನಗೂ ನೋಡಲು ಹೇಳಿದರು. ಕಣ್ಣೀರ ಹನಿಯ ಆಕಾರದ ಜೀವಗಳು, ನೂರಾರು, ಜರ್ರೆಂದು ಒದ್ದಾಡುತ್ತಾ ಓಡಾಡುತ್ತಿದ್ದವು. ಐದು ನಿಮಿಷ ಬಿಟ್ಟು ನೋಡಿದರೆ ಓಟ ನಿಧಾನ ಆಗಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಎಲ್ಲ ನಿಂತೇ ಹೋಯಿತು. ಮನೆಯಿಂದ ಡಬ್ಬಿಯಲ್ಲಿ ಹಿಕ್ಕೆ ತಂದಿದ್ದರೆ ಏನೂ ಸಿಗುತ್ತಿರಲಿಲ್ಲ ಅಂದರು.

ಕೊಕ್ಲೊಸೋಮ ಅಂತ ಅದರ ಹೆಸರು. ಬೆಂಗಲೀಸ್ ಹೊಟ್ಟೆಯಲ್ಲಿ ಅದು ಸುಮ್ನೆ ಇರುತ್ತದೆ, ಹಕ್ಕಿಗೆ ಏನೂ ಆಗುವುದಿಲ್ಲ. ಅದೇ ಹಕ್ಕಿ ಸಾಕಿದ ಗೋಲ್ಡಿಯನ್ ಮರಿಗೆ ದಾಟಿದರೆ ಹತ್ತನೇ ದಿನದಿಂದ ಆರನೇ ವಾರದೊಳಗೆ ಕೊಲ್ಲುತ್ತದೆ. ನನ್ನ ಪಟ್ಟಿಯಲ್ಲಿ ಸತ್ತ ಹತ್ತೂ ಮರಿಗಳ ವಯಸ್ಸು ಇದರೊಳಗೇ ಇತ್ತು. ಅದೇ ಏವಿಯರಿಯಲ್ಲಿ ಗೋಲ್ಡಿಯನ್ ಜೋಡಿಯೊಂದು ತಾನೇ ಸಾಕಿದ ಮೂರು ಮರಿ ಆರಾಮವಾಗಿದ್ದವು. ಎರಡು ತಿಂಗಳು ದಿನಾ ನೋಡಿದ್ದೆ, ಹೊಳೆದಿರಲಿಲ್ಲ.

ಔಷಧಿ ಇದೆ. ರೊನಿಡಜೋಲ್ ಅಂತ, ನೀರಿನಲ್ಲಿ ಕೊಡುವುದು. ಡೋಸ್ ನಾನು ಇಲ್ಲಿ ಬರೆಯುವುದಿಲ್ಲ. ಈ ಗುಂಪಿನ ಔಷಧಿಗಳು ಅಳತೆ ಮೀರಿದರೆ ಫಿಂಚ್‌ಗೆ ವಿಷ ಆಗುತ್ತವೆ. ನಿಮ್ಮ ಹಕ್ಕಿಗಳನ್ನು ನೋಡಿದ ಡಾಕ್ಟರೇ ಹೇಳಬೇಕು. ಔಷಧಿ ಕೊಡುವ ದಿನಗಳಲ್ಲಿ ಸ್ನಾನದ ತಟ್ಟೆ, ಸೊಪ್ಪು, ಸೌತೆಕಾಯಿ ತೆಗೆದುಬಿಡಿ. ಬೇರೆ ಕಡೆ ತೇವ ಸಿಕ್ಕರೆ ಔಷಧಿ ನೀರು ಕುಡಿಯುವುದಿಲ್ಲ. ಏವಿಯರಿಯ ನೆಲ ಒಣಗಿಸಿ. ಒಣಗಿದ ಕಡೆ ಈ ಜೀವಿ ಬಾಳುವುದಿಲ್ಲ.

ಈಗ ಹೊಸ ಹಕ್ಕಿ ಬಂದರೆ ನಲವತ್ತು ದಿನ ಕೆಳಗಿನ ವರಾಂಡದಲ್ಲಿ ಬೇರೆ ಪಂಜರ, ಬೇರೆ ಬಟ್ಟಲು, ಮಧ್ಯೆ ಒಮ್ಮೆ ಹಾಸನದಲ್ಲಿ ಹಿಕ್ಕೆ ಪರೀಕ್ಷೆ. ಬೆಳಿಗ್ಗೆ ಮೊದಲು ಮಹಡಿಯ ಹಕ್ಕಿಗಳಿಗೆ ಕಾಳು, ಆಮೇಲೆ ವರಾಂಡದವಕ್ಕೆ. ಗೋಲ್ಡಿಯನ್ ಮರಿಗಳನ್ನು ಗೋಲ್ಡಿಯನ್‌ಗಳೇ ಸಾಕುತ್ತಿವೆ. ಕಳೆದ ಸಲ ಹೊಸ ಜೋಡಿಯೊಂದು ಗುಟುಕು ಕೊಡದೆ ಎರಡು ಮರಿ ಮೂರನೇ ದಿನ ಹೋದವು. ನೋವಾಯಿತು, ಆದರೆ ಕಾರಣ ಗೊತ್ತಿತ್ತು. ಉಳಿದ ಏಳು ಇಪ್ಪತ್ತಾರನೇ ದಿನ ದಾಟಿದವು.

ಆ ನಾಲ್ಕು ಬೆಂಗಲೀಸ್‌ಗಳನ್ನು ಕೊಟ್ಟುಬಿಡು ಅಂತ ತುಂಬಾ ಜನ ಹೇಳಿದರು. ಕೊಡಲಿಲ್ಲ. ಔಷಧಿ ಆದ ಮೇಲೆ ಎರಡು ಸಲ ಪರೀಕ್ಷೆ ಮಾಡಿಸಿದೆ, ಏನೂ ಕಾಣಲಿಲ್ಲ. ಕೆಳಗಿನ ವರಾಂಡದಲ್ಲೇ ಇವೆ, ಒಂದೇ ಮಡಿಕೆಯಲ್ಲಿ ನಾಲ್ಕೂ ಒತ್ತಿಕೊಂಡು ಮಲಗುತ್ತವೆ. ಈ ತಿಂಗಳು ಅವುಗಳದ್ದೇ ಐದು ಮೊಟ್ಟೆ ಇವೆ.